ರೋಬೋಟ್ ತಪ್ಪಿದ ಮೇಲೆ ‘ರೀಸೆಟ್’ ಒತ್ತಿದರೆ ಸಾಲದು

ಮಾನ್ಯ ಸಂಪಾದಕರೇ,

ನಮ್ಮ ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳಲ್ಲಿ ರೋಬೋಟ್ ಎಂದರೆ ಈಗ ಬೇಲಿಯೊಳಗೆ ವೆಲ್ಡಿಂಗ್ ಮಾಡುವ ದೊಡ್ಡ ತೋಳು ಮಾತ್ರವಲ್ಲ. ಜೋಡಣೆ ಮೇಜಿನ ಪಕ್ಕದಲ್ಲೇ ನಿಂತು ಬಿಡಿಭಾಗ ಎತ್ತಿಕೊಡುವ ಕೋಬಾಟ್ (ಮನುಷ್ಯರ ಜೊತೆ ಕೆಲಸ ಮಾಡುವ ರೋಬೋಟ್), ಸ್ಟೋರ್‌ನಿಂದ ಲೈನಿಗೆ ಸಾಮಾನು ತರುವ ಚಾಲಕನಿಲ್ಲದ ಟ್ರಾಲಿ, ಇವು ಒಂದೊಂದಾಗಿ ಕಾರ್ಮಿಕರ ನಡುವೆಯೇ ಬಂದು ನಿಲ್ಲುತ್ತಿವೆ. ಪತ್ರಿಕೆಗಳಲ್ಲಿ ಇವುಗಳ ಮಾತು ಬಂದಾಗಲೆಲ್ಲ ಚರ್ಚೆ ಕೆಲಸ ಹೋಗುತ್ತದೆಯೇ ಉಳಿಯುತ್ತದೆಯೇ ಎಂಬಲ್ಲಿಗೆ ಮುಗಿಯುತ್ತದೆ. ಆ ಪ್ರಶ್ನೆ ಸಣ್ಣದಲ್ಲ. ಆದರೆ ದಿನಕ್ಕೆ ಎಂಟು ಗಂಟೆ ಆ ಯಂತ್ರದ ಪಕ್ಕ ನಿಲ್ಲುವವರಿಗೆ ಅದಕ್ಕಿಂತ ಹತ್ತಿರದ ಪ್ರಶ್ನೆ ಬೇರೆ ಇದೆ. ನಿನ್ನೆ ತಪ್ಪು ಮಾಡಿದ ರೋಬೋಟಿನ ಬಳಿ ಇವತ್ತು ಎಷ್ಟು ಧೈರ್ಯವಾಗಿ ಕೈ ಚಾಚಬಹುದು? ಇದರ ಬಗ್ಗೆ ನಮಗೆ ತಿಳಿದಷ್ಟನ್ನು ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ಕ್ಷಮೆಯಿರಲಿ.

ಸಾಮಾನ್ಯವಾಗಿ ನಡೆಯುವುದು ಹೀಗೆ. ರೋಬೋಟಿನ ‘ಕೈ’ಯಾದ ಗ್ರಿಪ್ಪರ್‌ನಿಂದ ಭಾಗ ಜಾರಿ ಬೀಳುತ್ತದೆ, ಇಲ್ಲವೇ ಟ್ರಾಲಿ ಯಾರದೋ ಕಾಲಿನ ಹತ್ತಿರ ಬಂದು ನಿಲ್ಲುತ್ತದೆ. ಮೆಂಟೆನೆನ್ಸ್‌ನವರು ಬರುತ್ತಾರೆ, ಕೈಯಲ್ಲಿ ಹಿಡಿದು ರೋಬೋಟ್ ನಡೆಸುವ ಫಲಕವಾದ ಟೀಚ್ ಪೆಂಡೆಂಟ್‌ನಲ್ಲಿ ರೀಸೆಟ್ ಒತ್ತುತ್ತಾರೆ, ಒಂದೆರಡು ಸಲ ಓಡಿಸಿ ತೋರಿಸುತ್ತಾರೆ. ‘ಸರಿಹೋಗಿದೆ, ಶುರು ಮಾಡಿ’ ಎಂದು ಸೂಪರ್‌ವೈಸರ್ ಹೇಳುತ್ತಾರೆ. ಬ್ರೇಕ್‌ಡೌನ್ ಪುಸ್ತಕದಲ್ಲಿ ಐದು ನಿಮಿಷ ಎಂದು ದಾಖಲಾಗುತ್ತದೆ, ಕಾರಣದ ಕಾಲಂನಲ್ಲಿ ‘ಆಪರೇಟರ್ ತಪ್ಪು’ ಎಂದೋ ‘ರೀಸೆಟ್ ಮಾಡಲಾಗಿದೆ’ ಎಂದೋ ಇರುತ್ತದೆ. ಯಂತ್ರ ಓಡುತ್ತದೆ, ಆದರೆ ಅದರ ಪಕ್ಕ ನಿಂತವರು ಮೊದಲಿನಂತಿರುವುದಿಲ್ಲ. ತೆನಾಲಿ ರಾಮನ ಬೆಕ್ಕಿನಂತೆ ಕೆಲವರು ಆಮೇಲೆ ತಣ್ಣನೆಯ ಹಾಲಿಗೂ ಬಾಯಿ ಹಾಕುವುದಿಲ್ಲ. ರೋಬೋಟ್ ಕೊಡುವ ಮೊದಲೇ ಭಾಗವನ್ನು ಕಿತ್ತುಕೊಳ್ಳುತ್ತಾರೆ, ಬೀಳುವುದೇನೋ ಎಂದು ಕೆಳಗೆ ಅಂಗೈ ಹಿಡಿಯುತ್ತಾರೆ, ಕಾರಣವಿಲ್ಲದೆ ಎಮರ್ಜೆನ್ಸಿ ಬಟನ್ ಒತ್ತುತ್ತಾರೆ. ಕೆಳಗೆ ಹಿಡಿದ ಆ ಅಂಗೈಯೇ ಮುಂದಿನ ಅಪಘಾತ.

ನಂಬಿಕೆ ಹೋದರೆ ಕೆಲಸ ನಿಧಾನವಾಗುತ್ತದೆ, ಅಷ್ಟೇ ತಾನೇ ಎಂದು ಆಡಳಿತದವರು ಭಾವಿಸುವುದುಂಟು. 1979ರ ಜನವರಿ 25ರಂದು ಅಮೆರಿಕದ ಮಿಶಿಗನ್ ರಾಜ್ಯದ ಫ್ಲ್ಯಾಟ್ ರಾಕ್‌ನಲ್ಲಿ, ಫೋರ್ಡ್ ಕಂಪನಿಯ ಎರಕದ ಕಾರ್ಖಾನೆಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕಾರ್ಮಿಕ ರೋಬೋಟ್ ತೋಳಿನ ಹೊಡೆತಕ್ಕೆ ಸತ್ತರು. ರೋಬೋಟಿನಿಂದಾದ ಮೊದಲ ಸಾವು ಎಂದು ದಾಖಲಾಗಿರುವುದು ಇದೇ. ಅವರು ರ‍್ಯಾಕ್ ಮೇಲೆ ಹತ್ತಿದ್ದೇಕೆ? ದಾಸ್ತಾನು ಎಷ್ಟಿದೆ ಎಂದು ಭಾಗಗಳನ್ನು ತೆಗೆದುಕೊಡುವ ಆ ರೋಬೋಟ್ ವ್ಯವಸ್ಥೆ ತಪ್ಪು ಲೆಕ್ಕ ಕೊಡುತ್ತಿತ್ತು, ಹಾಗಾಗಿ ಭಾಗಗಳನ್ನು ಮನುಷ್ಯನೇ ಹೋಗಿ ತರಬೇಕಾಯಿತು. ಯಂತ್ರದ ಮಾತು ನಂಬುವಂತಿಲ್ಲ ಎಂದಾದಾಗ ಮನುಷ್ಯ ಅದರ ಜಾಗಕ್ಕೇ ಹೋಗುತ್ತಾನೆ, ಯಂತ್ರ ಮಾತ್ರ ಅಲ್ಲಿಂದ ಕದಲಿರುವುದಿಲ್ಲ.

ಅತಿನಂಬಿಕೆಯೂ ಅಷ್ಟೇ ಕೆಟ್ಟದ್ದು. 2016ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕಟ್ಟಡದಲ್ಲಿ ಹೊಗೆ ತುಂಬಿಸಿ, ಬೆಂಕಿಯ ಅಲಾರಂ ಬಾರಿಸಿ, ದಾರಿ ತೋರಿಸಲು ಒಂದು ರೋಬೋಟ್ ನಿಲ್ಲಿಸಿದರು. ಭಾಗವಹಿಸಿದ್ದ 26 ಜನರೂ ಅದರ ಹಿಂದೆಯೇ ಹೋದರು. ಅವರಲ್ಲಿ ಅರ್ಧದಷ್ಟು ಜನ ಕೆಲವೇ ನಿಮಿಷ ಮೊದಲು ಅದೇ ರೋಬೋಟ್ ದಾರಿ ತೋರಿಸಲು ತಡವರಿಸಿದ್ದನ್ನು ಕಣ್ಣಾರೆ ಕಂಡಿದ್ದರು. ಆದ್ದರಿಂದ ‘ನಂಬಿಕೆ ಹೆಚ್ಚಿಸುವುದು’ ಎಂಬ ಗುರಿಯೇ ನಮಗೆ ಒಪ್ಪಿಗೆಯಿಲ್ಲ. ಯಂತ್ರ ಯಾವ ಕೆಲಸದಲ್ಲಿ ಎಷ್ಟು ಗಟ್ಟಿಯೋ ಆ ಕೆಲಸಕ್ಕೆ ಅಷ್ಟೇ ನಂಬಿಕೆ ಸಾಕು. 200 ಗ್ರಾಂ ಪ್ಲಾಸ್ಟಿಕ್ ಮುಚ್ಚಳ ಎತ್ತುವುದರಲ್ಲಿ ನಂಬಬಹುದಾದ ಕೋಬಾಟನ್ನು ಎಣ್ಣೆ ಹತ್ತಿದ ತಗಡಿನ ವಿಷಯದಲ್ಲಿ ನಂಬಬೇಕಿಲ್ಲ.

ಹಾಗಾದರೆ ತಪ್ಪಾದ ಕೂಡಲೇ ಮಾಡಬೇಕಾದುದೇನು? ರೀಸೆಟ್ ಒತ್ತದಿರುವುದು. ಕಂಟ್ರೋಲರ್‌ನ ಲಾಗ್‌ನಲ್ಲಿ (ಘಟನೆಗಳ ದಾಖಲೆಯಲ್ಲಿ) ಜಾಗ ಸೀಮಿತ. ಹೊಸ ಸಂದೇಶಗಳು ಬಂದಂತೆ ಹಳೆಯವು ಅಳಿಸಿಹೋಗುತ್ತವೆ. ಮೊದಲು ಲಾಗನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಬೇಕು, ತೋಳು ನಿಂತ ಭಂಗಿಯ, ಬಿದ್ದ ಭಾಗದ, ಪ್ರೆಶರ್ ಗೇಜಿನ ಫೋಟೊ ತೆಗೆಯಬೇಕು. ಆಮೇಲೆ ಪಕ್ಕದಲ್ಲಿದ್ದವರನ್ನು ಕೇಳಬೇಕು, ಅದೂ ಎಂಜಿನಿಯರ್ ತಮ್ಮ ಊಹೆ ಹೇಳುವ ಮೊದಲು. ‘ಏನು ಶಬ್ದ ಬಂತು, ಎಷ್ಟು ಹೊತ್ತಿಗೆ, ಅದಕ್ಕೂ ಮುಂಚೆ ಏನು ಬದಲಾಗಿತ್ತು?’ ಇಷ್ಟು ಸಾಕು.

ಕಾರಣಗಳು ಬಹುಪಾಲು ಸಣ್ಣವೇ, ಆದರೆ ಹುಡುಕಬೇಕು. ಗಾಳಿ ಹೀರಿ ಭಾಗವನ್ನು ಹಿಡಿಯುವ ಸಕ್ಷನ್ ಕಪ್ಪಿನ ಉದಾಹರಣೆ ನೋಡಿ. 50 ಮಿ.ಮೀ. ವ್ಯಾಸದ ಕಪ್ ಮೈನಸ್ 60 ಕಿಲೋಪಾಸ್ಕಲ್ ನಿರ್ವಾತದಲ್ಲಿ (ಹೊರಗಿನ ಗಾಳಿಗಿಂತ ಅಷ್ಟು ಕಡಿಮೆ ಒತ್ತಡದಲ್ಲಿ) ಲೆಕ್ಕದ ಪ್ರಕಾರ ಸುಮಾರು 118 ನ್ಯೂಟನ್ ಹಿಡಿಯುತ್ತದೆ. ನಿರ್ವಾತ ಮೈನಸ್ 40ಕ್ಕೆ ಇಳಿದರೆ ಹಿಡಿತ 78ಕ್ಕೆ ಬರುತ್ತದೆ. ಭಾಗ ಮಟ್ಟಸವಾಗಿದ್ದರೆ ಇದರ ಅರ್ಧವನ್ನು, ಓರೆಯಾಗಿಯೋ ವೇಗವಾಗಿಯೋ ಚಲಿಸುವುದಿದ್ದರೆ ಕಾಲು ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ರೂಢಿ. ಎಂದರೆ ಮೈನಸ್ 60ರಲ್ಲಿ ಓರೆಯಾಗಿ ಸುಮಾರು 3 ಕೆ.ಜಿ., ಮೈನಸ್ 40ರಲ್ಲಿ 2 ಕೆ.ಜಿ. ಇನ್ನು ಬೆಳಿಗ್ಗೆ ಎಲ್ಲ ಲೈನ್‌ಗಳೂ ಒಟ್ಟಿಗೆ ಶುರುವಾದಾಗ ಕಂಪ್ರೆಸರ್ ಗಾಳಿ 6 ಬಾರ್‌ನಿಂದ 4.5ಕ್ಕೆ ಕುಸಿದರೆ, ಆ ಗಾಳಿಯಿಂದ ನಿರ್ವಾತ ಉಂಟುಮಾಡುವ ಎಜೆಕ್ಟರ್‌ಗೆ ಸಾಕಷ್ಟು ನಿರ್ವಾತ ಎಳೆಯಲಾಗುವುದಿಲ್ಲ. ಆಗ ವ್ಯಾಕ್ಯೂಮ್ ಸ್ವಿಚ್ ರೋಬೋಟನ್ನು ನಿಲ್ಲಿಸಬೇಕು. ಆದರೆ ಪದೇ ಪದೇ ನಿಲ್ಲುತ್ತದೆಂದು ಯಾರೋ ಆ ಸ್ವಿಚ್ಚಿನ ಮಿತಿಯನ್ನೇ ಮೈನಸ್ 40ಕ್ಕೆ ಇಳಿಸಿರುತ್ತಾರೆ. ಭಾಗ ಬೀಳುತ್ತದೆ. ಇಲ್ಲಿ ತಪ್ಪಿದ್ದು ರೋಬೋಟೋ, ಕಂಪ್ರೆಸರೋ, ಮಿತಿ ಇಳಿಸಿದವರೋ? ಇದನ್ನು ಬಿಡಿಸಿ ಹೇಳದೆ ‘ಸರಿಮಾಡಿದ್ದೇವೆ’ ಎಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು.

ಕೋಬಾಟ್ ಇದ್ದಕ್ಕಿದ್ದಂತೆ ನಿಲ್ಲುವುದು ಇನ್ನೊಂದು ದೂರು. ಗ್ರಿಪ್ಪರ್ ಬದಲಾಯಿಸಿದವರು ತೂಕದ ಸೆಟ್ಟಿಂಗ್ ಬದಲಾಯಿಸಿರುವುದಿಲ್ಲ. ಕೋಬಾಟ್ ತನ್ನ ಕೀಲುಗಳ ಮೇಲೆ ಬೀಳುವ ಬಲವನ್ನು ಅಳೆದು, ಇರಬೇಕಾದುದಕ್ಕಿಂತ ಹೆಚ್ಚಿದ್ದರೆ ಯಾರಿಗೋ ತಾಗಿತೆಂದು ತಿಳಿದು ನಿಲ್ಲುತ್ತದೆ. ಸೆಟ್ಟಿಂಗ್‌ನಲ್ಲಿ 1.2 ಕೆ.ಜಿ. ಇದ್ದು ಕೈಯಲ್ಲಿ 2 ಕೆ.ಜಿ. ಇದ್ದರೆ, ಆ 800 ಗ್ರಾಂ ಅದಕ್ಕೆ ಯಾರೋ 8 ನ್ಯೂಟನ್ ಬಲದಿಂದ ಎಳೆದಂತೆ ಕಾಣುತ್ತದೆ. ಕೇಬಲ್ ಎಲ್ಲಾದರೂ ಸಿಕ್ಕಿಕೊಂಡರೂ ಹೀಗೇ. ಕಾರ್ಮಿಕರಿಗೆ ಮಾತ್ರ ಅದು ತಲೆಕೆಟ್ಟ ಯಂತ್ರ. ಇನ್ನು ಕೀಲುಗಳ ಸ್ಥಾನ ಅಳೆಯುವ ಎನ್‌ಕೋಡರ್ ಬ್ಯಾಟರಿ ಮುಗಿದೋ, ಪವರ್ ಆಫ್ ಮಾಡಿ ಬ್ಯಾಟರಿ ಬದಲಾಯಿಸಿದ್ದರಿಂದಲೋ ರೋಬೋಟ್ ತನ್ನ ಮೂಲ ಸ್ಥಾನವನ್ನೇ ಮರೆತಿದ್ದರೆ, ಮತ್ತೆ ಸ್ಥಾನ ಹೊಂದಿಸುವಾಗ ಸ್ವಲ್ಪ ತಪ್ಪಿದರೂ ಪ್ರತಿ ಚಲನೆಯೂ ಅಷ್ಟಷ್ಟು ಪಕ್ಕಕ್ಕೆ ಹೋಗುತ್ತದೆ. ಕ್ಯಾಮೆರಾ ನೋಡಿ ಎತ್ತುವ ರೋಬೋಟಿಗೆ ಛಾವಣಿಯ ಪಾರದರ್ಶಕ ಶೀಟಿನಿಂದ ಮಧ್ಯಾಹ್ನ ಬೀಳುವ ಬಿಸಿಲೇ ಶತ್ರು. ಟ್ರಾಲಿಗಳಿಗೆ ಧೂಳು. ರೋಲಿಂಗ್ ಶಟರ್ ತೆರೆದೇ ಇರುವ ನಮ್ಮ ಬಯಲುಸೀಮೆಯ ಶೆಡ್ಡುಗಳಲ್ಲಿ ಬೇಸಿಗೆಯಲ್ಲಿ ಲೇಸರ್ ಸ್ಕ್ಯಾನರಿನ ಮುಖದ ಮೇಲೆ ಧೂಳು ಕೂತು ಸುಮ್ಮಸುಮ್ಮನೆ ನಿಲ್ಲುತ್ತವೆ. ಅದನ್ನು ಥಿನ್ನರ್ ಹಾಕಿದ ಕಾಟನ್ ವೇಸ್ಟಿನಿಂದ ಉಜ್ಜಿದರೆ ಗೀರು ಬಿದ್ದು ಇನ್ನಷ್ಟು ಕೆಡುತ್ತದೆ. ನಾರು ಬಿಡದ ಮೆತ್ತನೆಯ ಬಟ್ಟೆಯೇ ಬೇಕು. ನೆಲದಿಂದ ಸುಮಾರು 200 ಮಿ.ಮೀ. ಎತ್ತರದಲ್ಲಿ ಕೂರಿಸಿದ ಸ್ಕ್ಯಾನರ್ ಕಾಲುಗಳನ್ನು ನೋಡುತ್ತದೆ. ಆದರೆ ಎತ್ತಿ ನಿಲ್ಲಿಸಿದ ಫೋರ್ಕ್‌ಲಿಫ್ಟಿನ ಫೋರ್ಕ್ ಅಥವಾ ಮುಂದಕ್ಕೆ ಚಾಚಿದ ಮೇಜಿನ ಹಲಗೆ ಅದಕ್ಕೆ ಕಾಣುವುದೇ ಇಲ್ಲ. ಇದು ಕೆಟ್ಟಿರುವುದಲ್ಲ, ಅದರ ಮಿತಿ. ಮಿತಿಯನ್ನು ಮೊದಲೇ ಹೇಳಿದ್ದರೆ ಅದು ತಪ್ಪೆಂದು ಅನ್ನಿಸುತ್ತಲೂ ಇರಲಿಲ್ಲ.

ಸುಮ್ಮನೆ ನಿಲ್ಲುವ ತಪ್ಪು, ನಿಲ್ಲಬೇಕಾದಾಗ ನಿಲ್ಲದ ತಪ್ಪು, ಇವೆರಡೂ ನಂಬಿಕೆಯನ್ನು ಬೇರೆ ಬೇರೆ ರೀತಿಯಲ್ಲಿ ಕೆಡಿಸುತ್ತವೆ. ಮೊದಲನೆಯದರಿಂದ ಜನ ಎಚ್ಚರಿಕೆಗೆ ಕಿವಿಗೊಡುವುದನ್ನು ಬಿಡುತ್ತಾರೆ. ಬಾಗಿಲು ತೆರೆದರೆ ಯಂತ್ರವನ್ನು ನಿಲ್ಲಿಸುವ ಇಂಟರ್‌ಲಾಕ್ ಸ್ವಿಚ್ಚಿಗೆ ಅಯಸ್ಕಾಂತ ಅಂಟಿಸುವುದು, ಬದಲಿ ಕೀ ತೂರಿಸಿಡುವುದು ಶುರುವಾಗುವುದು ಇಲ್ಲಿಂದಲೇ. ಎರಡನೆಯದರಿಂದ ಜನ ತಮ್ಮ ಕೆಲಸ ಬಿಟ್ಟು ಯಂತ್ರವನ್ನೇ ಕಾಯುತ್ತಾ ಕೂರುತ್ತಾರೆ. ಎರಡಕ್ಕೂ ಕೆಲಸಕ್ಕೆ ಮುಂಚೆ ಕೊಡುವ ಒಂದೇ ಸುರಕ್ಷತಾ ಭಾಷಣ ಮದ್ದಲ್ಲ. ಮೊದಲನೆಯದಕ್ಕೆ ನಿಲ್ಲುವ ಕಾರಣವನ್ನೇ ತೆಗೆಯಬೇಕು. ಎರಡನೆಯದಕ್ಕೆ ನಿಲ್ಲುತ್ತದೆ ಎಂದು ಅಳತೆ ಹಿಡಿದು ತೋರಿಸಬೇಕು.

ಅಳತೆ ಎಂದರೆ ಏನು? ರಿಪೇರಿಯಾದ ಮೇಲೆ ಹತ್ತು ಸಲ ಓಡಿಸಿ ತೋರಿಸುವ ಪದ್ಧತಿಯಿದೆ. ಹತ್ತೂ ಸಲ ಸರಿಯಾಗಿ ಬಂದರೆ ಏನು ಸಾಬೀತಾಯಿತು? ಸಂಖ್ಯಾಶಾಸ್ತ್ರದ ಪ್ರಕಾರ, ಶೇ 95ರ ಭರವಸೆಯಿಂದ, ತಪ್ಪಿನ ಪ್ರಮಾಣ ಶೇ 26ಕ್ಕಿಂತ ಕಡಿಮೆ ಎಂದಷ್ಟೇ! ಒಂದೂ ತಪ್ಪಿಲ್ಲದೆ ಎಷ್ಟು ಸಲ ಓಡಿತೋ ಆ ಸಂಖ್ಯೆಯಿಂದ 3ನ್ನು ಭಾಗಿಸಿದರೆ, ತಪ್ಪಿನ ಪ್ರಮಾಣ ಗರಿಷ್ಠ ಎಷ್ಟಿರಬಹುದೆಂದು ಸುಮಾರಾಗಿ ಸಿಗುತ್ತದೆ. ಓಟದ ಸಂಖ್ಯೆ ದೊಡ್ಡದಿದ್ದಷ್ಟೂ ಈ ಲೆಕ್ಕ ನಿಖರ. 300 ಸಲ ತಪ್ಪಿಲ್ಲದೆ ಓಡಿದರೆ ಶೇ 1ಕ್ಕಿಂತ ಕಡಿಮೆ, 3000 ಸಲ ಓಡಿದರೆ ಶೇ 0.1ಕ್ಕಿಂತ ಕಡಿಮೆ. ಶಿಫ್ಟಿಗೆ 2000 ಭಾಗ ಎತ್ತುವ ರೋಬೋಟಿನಲ್ಲಿ ಶೇ 1 ಎಂದರೂ 20 ಸಲ ಬೀಳುವುದು. ಕಾರ್ಮಿಕರಿಗೆ ಈ ಗಣಿತ ಗೊತ್ತಿಲ್ಲದಿರಬಹುದು, ಆದರೆ ಹತ್ತು ಸಲದ ಪ್ರದರ್ಶನ ನೋಡಿ ಅವರು ತಲೆಯಾಡಿಸದಿದ್ದರೆ ಲೆಕ್ಕ ಅವರ ಪರವಾಗಿಯೇ ಇದೆ. ಓಡಿಸುವ ಹೊತ್ತೂ ಮುಖ್ಯ. ತಪ್ಪಾದದ್ದು ಬೆಳಿಗ್ಗೆ ಗಾಳಿಯೊತ್ತಡ ಕುಸಿದಾಗ ಎಂದಾದರೆ ಪರೀಕ್ಷೆಯೂ ಆ ಹೊತ್ತಿನಲ್ಲೇ ಆಗಬೇಕು, ಬಿಸಿಲಿನಿಂದ ಎಂದಾದರೆ ಮಧ್ಯಾಹ್ನದಲ್ಲಿ. ಮೆಂಟೆನೆನ್ಸ್‌ನವರಿಗೆ ಬಿಡುವಿರುವ ರಾತ್ರಿಯಲ್ಲಲ್ಲ.

ಮತ್ತೆ ಜನರ ನಡುವೆ ಬಿಡುವುದನ್ನು ಹಂತ ಹಂತವಾಗಿ ಮಾಡಬೇಕು. ಮೊದಲು ಕೈಯಿಂದ ನಡೆಸುವ ಮ್ಯಾನ್ಯುಯಲ್ ಮೋಡ್‌ನಲ್ಲಿ, ಸೆಕೆಂಡಿಗೆ 250 ಮಿ.ಮೀ. ಮೀರದಂತೆ, ಭಾಗವಿಲ್ಲದೆ, ಪೆಂಡೆಂಟಿನ ಮೂರು ಸ್ಥಾನದ ಸ್ವಿಚ್ ಹಿಡಿದುಕೊಂಡು. ಆ ಸ್ವಿಚ್ ಬಿಟ್ಟರೂ ನಿಲ್ಲುತ್ತದೆ, ಗಾಬರಿಯಲ್ಲಿ ಬಿಗಿಯಾಗಿ ಹಿಸುಕಿದರೂ ನಿಲ್ಲುತ್ತದೆ. ಪಕ್ಕದಲ್ಲಿ ಕೆಲಸ ಮಾಡುವವರ ಕೈಗೇ ಅದನ್ನು ಕೊಟ್ಟು ನಿಲ್ಲಿಸಿ ನೋಡಲು ಬಿಡಿ. ನೂರು ಮಾತಿಗಿಂತ ಇದು ಮೇಲು. ಆಮೇಲೆ ತಾನಾಗಿ ಓಡುವ ಆಟೋ ಮೋಡ್‌ನಲ್ಲಿ, ಪೂರ್ತಿ ವೇಗದಲ್ಲಿ, ನಿಜವಾದ ಭಾಗದೊಂದಿಗೆ, ಯಾರೂ ಹತ್ತಿರವಿಲ್ಲದೆ, ಮೇಲೆ ಹೇಳಿದ ಲೆಕ್ಕ ತುಂಬುವವರೆಗೆ. ಅದಾದ ಮೇಲೆ ಜನರೊಂದಿಗೆ, ಆದರೆ ವೇಗ ತಗ್ಗಿಸಿ. ಈ ಹಂತದಲ್ಲಿ ನಿಲ್ಲಿಸುವ ಅಧಿಕಾರ ಮಾತ್ರವಲ್ಲ, ಮತ್ತೆ ಶುರು ಮಾಡಲು ಒಪ್ಪುವ ಅಧಿಕಾರವೂ ಅಲ್ಲಿ ನಿಂತವರದೇ ಆಗಿರಬೇಕು. ಪೂರ್ತಿ ವೇಗಕ್ಕೆ ಹೋಗುವುದು ಎಲ್ಲ ಶಿಫ್ಟಿನವರೂ ಈ ಹಂತ ದಾಟಿದ ಮೇಲೆ. ಎ ಶಿಫ್ಟಿನಲ್ಲಿ ಆದ ತಪ್ಪಿನ ಸುದ್ದಿ ಬಂಗಾರಪೇಟೆ, ಮುಳಬಾಗಿಲು ಕಡೆಯ ಕಂಪನಿ ಬಸ್ಸಿನಲ್ಲೇ ಬಿ ಶಿಫ್ಟಿಗೆ ತಲುಪಿರುತ್ತದೆ, ರಿಪೇರಿಯ ಸುದ್ದಿ ಮಾತ್ರ ತಲುಪಿರುವುದಿಲ್ಲ.

ಗ್ರಿಪ್ಪರ್, ಭಾರ ಅಥವಾ ವೇಗ ಬದಲಾಗಿದ್ದರೆ ನಿಲ್ಲುವ ಸಮಯವನ್ನು ಮತ್ತೆ ಅಳೆಯಲೇಬೇಕು. ಐಎಸ್‌ಒ 13855 ಎಂಬ, ಸುರಕ್ಷಿತ ಅಂತರದ ಅಂತರರಾಷ್ಟ್ರೀಯ ಮಾನದಂಡದ ಲೆಕ್ಕದಲ್ಲಿ ಮನುಷ್ಯ ಸೆಕೆಂಡಿಗೆ 1600 ಮಿ.ಮೀ. ನಡೆದು ಬರುತ್ತಾನೆ. ನೆಲದಿಂದ 200 ಮಿ.ಮೀ. ಎತ್ತರದಲ್ಲಿ ಮಟ್ಟಸವಾಗಿ ನೋಡುವ ಸ್ಕ್ಯಾನರಿಗೆ ಇನ್ನೂ 1120 ಮಿ.ಮೀ. ಸೇರಿಸಬೇಕು. ಪತ್ತೆಯಿಂದ ಹಿಡಿದು ತೋಳು ಪೂರ್ತಿ ನಿಲ್ಲುವವರೆಗೆ 0.5 ಸೆಕೆಂಡ್ ಆದರೆ ಕಾಯ್ದುಕೊಳ್ಳಬೇಕಾದ ಅಂತರ 1920 ಮಿ.ಮೀ., 0.7 ಸೆಕೆಂಡ್ ಆದರೆ 2240. ಅಂದರೆ ನೆಲದ ಹಳದಿ ಗೆರೆ 32 ಸೆಂ.ಮೀ. ಹಿಂದಕ್ಕೆ ಹೋಗಬೇಕು, ಸ್ಕ್ಯಾನರಿನ ವಲಯವೂ ಅಷ್ಟೇ ದೊಡ್ಡದಾಗಬೇಕು. ಪ್ರೋಗ್ರಾಂ ಬದಲಾಗಿ ಗೆರೆ ಬದಲಾಗದಿದ್ದರೆ ಆ ಗೆರೆಯೇ ಸುಳ್ಳು ಹೇಳುತ್ತಿದೆ ಎಂದರ್ಥ. ತಾಗಿದರೂ ಗಾಯವಾಗದು ಎಂಬ ಭರವಸೆಯ ಮೇಲೆ ಬೇಲಿಯಿಲ್ಲದೆ ನಿಂತ ಕೋಬಾಟಿಗೆ ಐಎಸ್‌ಒ/ಟಿಎಸ್ 15066 ಎಂಬ ಮಾನದಂಡದ ಮಿತಿಗಳಿವೆ. ಬೆರಳು, ಅಂಗೈ ಒತ್ತಿ ಹಿಡಿಯುವ ಸಂದರ್ಭದಲ್ಲಿ 140 ನ್ಯೂಟನ್, ಮುಖಕ್ಕೆ 65. ಬಲ ಅಳೆಯುವ ಉಪಕರಣದಿಂದ ಅಳೆದು, ಬಂದ ಸಂಖ್ಯೆಯನ್ನು ಮೇಜಿನ ಬಳಿ ಬರೆದು ಹಾಕಿ. ಹಿಡಿದಿರುವ ಭಾಗದ ಅಂಚು ಹರಿತವಾಗಿದ್ದರೆ ಈ ಬಲದ ಮಿತಿಯೊಂದನ್ನೇ ನಂಬಿ ಕೂರುವಂತಿಲ್ಲ.

ಇನ್ನು ಮಾತಿನ ವಿಷಯ. ತಪ್ಪಾದಾಗ ಪರದೆಯ ಮೇಲೆ ‘ಕ್ಷಮಿಸಿ’ ಎಂದು ತೋರಿಸುವ, ಧ್ವನಿಯಲ್ಲಿ ಹೇಳುವ ಯಂತ್ರಗಳು ಬರುತ್ತಿವೆ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 240 ಜನರೊಂದಿಗೆ ಪ್ರಯೋಗ ನಡೆಸಿ 2023ರಲ್ಲಿ ಪ್ರಕಟಿಸಿದರು. ಕ್ಷಮೆ, ನಿರಾಕರಣೆ, ವಿವರಣೆ, ಮುಂದೆ ಹೀಗಾಗದೆಂಬ ಮಾತು, ಈ ನಾಲ್ಕನ್ನೂ ಪರೀಕ್ಷಿಸಿದರು. ಮೂರು ತಪ್ಪುಗಳಾದ ಮೇಲೆ ನಾಲ್ಕರಲ್ಲಿ ಯಾವುದೂ ನಂಬಿಕೆಯನ್ನು ಪೂರ್ತಿ ಹಿಂದಕ್ಕೆ ತರಲಿಲ್ಲ. ಜಾರ್ಜಿಯಾ ಟೆಕ್‌ನವರ 2015ರ ಇನ್ನೊಂದು ಅಧ್ಯಯನ ನಮಗೆ ಹೆಚ್ಚು ಉಪಯುಕ್ತವೆನಿಸಿತು. ತಪ್ಪಾದ ಕೂಡಲೇ ಹೇಳಿದ ಕ್ಷಮೆಗಿಂತ, ಮತ್ತೆ ನಂಬಬೇಕೋ ಬೇಡವೋ ಎಂದು ಜನ ನಿರ್ಧರಿಸುವ ಗಳಿಗೆಯಲ್ಲಿ ಹೇಳಿದ ಮಾತು ಕೆಲಸ ಮಾಡಿತು. ಕಾರ್ಖಾನೆಯಲ್ಲಿ ಆ ಗಳಿಗೆ ಯಾವುದು? ಮರುದಿನದ ಮೀಟಿಂಗ್ ಅಲ್ಲ. ಆ ಮೇಜಿನ ಮುಂದೆ ಮೊದಲ ಭಾಗಕ್ಕೆ ಕೈ ಚಾಚುವ ಹೊತ್ತು. ಕಾರಣ, ಬದಲಾಯಿಸಿದ್ದು, ಇನ್ನೂ ಉಳಿದಿರುವ ಮಿತಿ, ಈ ಮೂರನ್ನೂ ಅಲ್ಲೇ, ಆಗಲೇ ಹೇಳಬೇಕು. ‘ಕಪ್ ಹೊಸದು, ಸ್ವಿಚ್ ಮತ್ತೆ ಮೈನಸ್ 60ಕ್ಕೆ, ಎಣ್ಣೆ ಇರುವ ತಗಡು ಈಗಲೂ ಜಾರಬಹುದು.’ ಇದು ಯಂತ್ರದ ಬಾಯಿಂದ ಬರುವುದಕ್ಕಿಂತ ರಿಪೇರಿ ಮಾಡಿದವರ ಬಾಯಿಂದ ಬಂದರೆ ತೂಕ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಯಾವ ಭಾಷೆಯಲ್ಲಿ? ಪೆಂಡೆಂಟಿನಲ್ಲಿ ಬರುವುದು ಇಂಗ್ಲಿಷ್. ನಮ್ಮ ಗಡಿ ಜಿಲ್ಲೆಯ ಲೈನಿನಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ ಎಲ್ಲವೂ ಇವೆ. ಹೆಚ್ಚಾಗಿ ಬರುವ ಹತ್ತು ಸಂದೇಶಗಳನ್ನು ಆರಿಸಿ, ಪ್ರತಿಯೊಂದಕ್ಕೂ ‘ಏನಾಗಿದೆ, ಹತ್ತಿರ ಹೋಗಬಹುದೇ, ಯಾರನ್ನು ಕರೆಯಬೇಕು’ ಎಂದು ಕನ್ನಡದಲ್ಲೂ ಅಲ್ಲಿರುವ ಇತರರ ಭಾಷೆಯಲ್ಲೂ ಒಂದು ಹಾಳೆಯಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿದರೆ ಖರ್ಚು ಎಷ್ಟಾದೀತು?

ಎಲ್ಲಕ್ಕಿಂತ ಕಷ್ಟದ ಭಾಗ ಗುತ್ತಿಗೆ ಕಾರ್ಮಿಕರದು. ನಾಳೆ ಗೇಟ್ ಪಾಸ್ ಸಿಗುತ್ತದೋ ಇಲ್ಲವೋ ಎಂಬ ಸ್ಥಿತಿಯಲ್ಲಿರುವವರು ರೋಬೋಟ್ ಪಕ್ಕ ನಿಂತಿದ್ದಾರೆ ಎಂದರೆ ಅದನ್ನು ನಂಬಿದ್ದಾರೆ ಎಂದಲ್ಲ, ಬೇರೆ ದಾರಿಯಿಲ್ಲ ಎಂದು. ‘ನಿಮಗೆ ನಂಬಿಕೆ ಇದೆಯೇ’ ಎಂದು ಫಾರಂ ಕೊಟ್ಟರೆ ಎಲ್ಲರೂ ಹೌದೆಂದೇ ಗುರುತು ಹಾಕುತ್ತಾರೆ. ಆದ್ದರಿಂದ ಕೇಳುವುದಕ್ಕಿಂತ ನೋಡುವುದು ಮೇಲು. ಶಿಫ್ಟಿಗೆ ಎಷ್ಟು ಸಲ ರೋಬೋಟ್ ಕೊಡುವ ಮೊದಲೇ ಕೈಯಿಂದ ತೆಗೆದರು, ಎಷ್ಟು ಸಲ ನಿಲ್ಲಿಸಿದರು, ಕೈಯಲ್ಲಿ ಮಾಡಿದ ಭಾಗಗಳೆಷ್ಟು, ಎಷ್ಟು ದೂರ ನಿಲ್ಲುತ್ತಾರೆ? ಈ ಸಂಖ್ಯೆಗಳು ತಪ್ಪಾದ ದಿನ ಏರಿ ನಿಧಾನವಾಗಿ ಇಳಿದರೆ ನಂಬಿಕೆ ಮರಳುತ್ತಿದೆ. ಮೊದಲ ದಿನದಿಂದಲೇ ಸೊನ್ನೆ ಇದ್ದರೆ ಸಂತೋಷಪಡಬೇಡಿ. ಬಟನ್ ಒತ್ತಿದವರಿಗೆ ಯಾರಾದರೂ ಗದರಿದ್ದಾರೆಯೇ ವಿಚಾರಿಸಿ.

ಒಂದೇ ಕಾರಣದಿಂದ ಮೂರನೇ ಸಲ ತಪ್ಪಾದರೆ? ಆ ರೋಬೋಟನ್ನು ಜನರ ನಡುವಿನಿಂದ ತೆಗೆದು ಬೇಲಿಯೊಳಗೆ ಹಾಕಬೇಕು, ವಿನ್ಯಾಸ ಬದಲಾಗುವವರೆಗೆ. ಉತ್ಪಾದನೆ ಕಡಿಮೆಯಾಗುತ್ತದೆ ಎಂಬ ವಾದ ಬರುತ್ತದೆ. ಅಂಗೈ ಕೆಳಗೆ ಹಿಡಿದು ಕೆಲಸ ಮಾಡುವ ಲೈನಿನಲ್ಲಿ ಉತ್ಪಾದನೆ ಈಗಾಗಲೇ ಕಡಿಮೆಯಾಗಿರುತ್ತದೆ. 2015ರಲ್ಲಿ ಹರಿಯಾಣದ ಮಾನೇಸರದ ಕಾರ್ಖಾನೆಯೊಂದರಲ್ಲಿ ರೋಬೋಟಿನಿಂದ ಕಾರ್ಮಿಕರೊಬ್ಬರು ಸತ್ತಿದ್ದಾರೆ. ಇದು ದೂರದ ದೇಶಗಳ ಕಥೆಯಷ್ಟೇ ಅಲ್ಲ.

ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯವರು ತಪಾಸಣೆಗೆ ಬಂದಾಗ ಬೇಲಿ, ಇಂಟರ್‌ಲಾಕ್‌ಗಳ ಜೊತೆಗೆ ಎರಡು ಕಾಗದ ಕೇಳಲಿ ಎಂಬುದು ನಮ್ಮ ಮನವಿ. ಒಂದು, ಕಳೆದ ತಪ್ಪಿನ ನಂತರ ಮತ್ತೆ ಶುರು ಮಾಡಿದ ಹಂತಗಳ ದಾಖಲೆ, ಅದರಲ್ಲಿ ಪಕ್ಕದಲ್ಲಿ ನಿಲ್ಲುವವರ ಸಹಿ. ಇನ್ನೊಂದು, ನಿಲ್ಲುವ ಸಮಯವನ್ನು ಕೊನೆಯ ಬಾರಿ ಅಳೆದ ದಿನಾಂಕ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿದ ರಾಜ್ಯದ 150 ಸರ್ಕಾರಿ ಐಟಿಐಗಳಲ್ಲಿ ರೋಬೋಟ್‌ಗಳ ಪಾಠ ನಡೆಯುತ್ತದೆ. ಅಲ್ಲಿ ಪ್ರೋಗ್ರಾಂ ಬರೆಯುವುದರ ಜೊತೆಗೆ ಬೇಕೆಂದೇ ತೂಕದ ಸೆಟ್ಟಿಂಗ್ ತಪ್ಪಿಸಿ, ಗಾಳಿಯೊತ್ತಡ ಇಳಿಸಿ, ಲಾಗ್ ಓದಿ ಕಾರಣ ಕಂಡುಹಿಡಿಯುವುದನ್ನೂ, ಅದನ್ನು ಪಕ್ಕದವರಿಗೆ ಎರಡು ನಿಮಿಷದಲ್ಲಿ ಕನ್ನಡದಲ್ಲಿ ಹೇಳುವುದನ್ನೂ ಪರೀಕ್ಷೆಯ ಭಾಗ ಮಾಡಬೇಕು. ಲೈನಿಗೆ ಬಂದ ಮೊದಲ ವಾರದಲ್ಲೇ ಆ ಹುಡುಗ ಹುಡುಗಿಯರಿಗೆ ಬೇಕಾಗುವುದು ಇದೇ.

ಇಂತಿ,
ರೋಬೋಟ್ ನಿರ್ವಹಣೆ ಮತ್ತು ಸುರಕ್ಷತೆಯ ಕೆಲಸದಲ್ಲಿರುವ ಕೆಲವು ತಂತ್ರಜ್ಞರು
ಕೋಲಾರ ಜಿಲ್ಲೆ